ಬಾಗಿದ ಅಲಗು

ಕಳೆದ ಯುಗಾದಿಗೆ ಶಿವಮೊಗ್ಗಕ್ಕೆ ಹೋದಾಗ ನನಗೊಂದು ಹೊಸ ಉದ್ಯೋಗ ಪ್ರಾಪ್ತವಾಯಿತು. ಸಂಬಳ ಸಾರಿಗೆಗಳಿಲ್ಲದ ಉದ್ಯೋಗ. ಹೊಣೆ ಮಾತ್ರ ದೊಡ್ಡದು. ಎಂಬತ್ತಾರು ತುಂಬಿದ ನಮ್ಮ ಅಪ್ಪಯ್ಯನವರಿಗೆ ಮುಖಕ್ಷೌರ ಮಾಡುವ ಕೆಲಸ ಅದು.

ಓದುಗರು ನಗಬಾರದು. ಅಪ್ಪಯ್ಯನವರು ಸುಲಭವಾಗಿ ತಮ್ಮ ಕೆನ್ನೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವವರಲ್ಲ. 1962ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿ ಮೂವತ್ತಮೂರು ವರ್ಷ ದುಡಿದವರು ಅವರು. ಬೆಳಗಿನ ಆರು ಗಂಟೆಗೆ ಕ್ವಾರ್ಟರ್ಸಿನ ಹಿತ್ತಿಲ ಬಾಗಿಲ ಮೊಳೆಗೆ ಕನ್ನಡಿ ತೂಗುಹಾಕಿ, ಹಿತ್ತಾಳೆಯ ಬಟ್ಟಲಲ್ಲಿ ಬಿಸಿನೀರಿಟ್ಟುಕೊಂಡು ಅವರು ನಿಂತರೆಂದರೆ ನಾವು ಗಡಿಯಾರ ಸರಿಮಾಡಿಕೊಳ್ಳಬಹುದಾಗಿತ್ತು. ಜ್ವರವಿರಲಿ, ಮಳೆಯಿರಲಿ, ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಎರಡು ವರ್ಷಗಳಿಂದ ಅವರ ಬಲಗೈ ನಡುಗುತ್ತಿದೆ. ಮಾತ್ರೆಗಳಿಂದ ನಡುಕ ತಗ್ಗಿದೆಯೇ ಹೊರತು ನಿಂತಿಲ್ಲ. ಕ್ಷೌರಿಕರನ್ನು ದುರ್ಗಿಗುಡಿಯ ಮನೆಗೇ ಕರೆಸುತ್ತೇನೆಂದು ತಂಗಿ ಹೇಳಿದಳು, ಬೇಡವೆಂದರು. ಮೊಮ್ಮಗ ವಿದ್ಯುತ್ತಿನಿಂದ ನಡೆಯುವ ರೇಜರನ್ನು ತಂದುಕೊಟ್ಟ. ಅದು ಪೆಟ್ಟಿಗೆಯಿಂದ ಹೊರಬರಲೇ ಇಲ್ಲ. ಕಡೆಗೆ ಹನ್ನೆರಡು ದಿನದ ಬಿಳಿಯ ಗಡ್ಡದಲ್ಲೇ ಬೇವುಬೆಲ್ಲ ತಿಂದರು. ಗಡ್ಡ ಬಿಡುವವರು ಇಷ್ಟಪಟ್ಟು ಬಿಡುತ್ತಾರೆ. ಅಪ್ಪಯ್ಯನವರಲ್ಲಿ ಆ ಇಷ್ಟ ಕಾಣಲಿಲ್ಲ. ಕನ್ನಡಿಯ ಮುಂದೆ ಹಾಯುವಾಗ ಅವರು ಮುಖ ತಗ್ಗಿಸುತ್ತಿದ್ದುದನ್ನು ನಾನು ಎರಡು ಬಾರಿ ಗಮನಿಸಿದೆ.

“ನಾನು ಮಾಡಲೇ, ಅಪ್ಪಯ್ಯ?” ಎಂದೆ.

“ನಿನಗೆ ಬರುತ್ತದೆಯೇನು?”

“ನನ್ನ ಮುಖಕ್ಕೆ ನಾನೇ ಮಾಡಿಕೊಳ್ಳುತ್ತೇನಲ್ಲ.”

“ಅದು ಬೇರೆ ಮಾತು ಕಣಪ್ಪ. ನಿನ್ನ ಕೆನ್ನೆಗೆ ನೋವಾದರೆ ನಿನ್ನ ಕೈಗೆ ತಾನಾಗಿ ತಿಳಿಯುತ್ತದೆ. ನನ್ನ ಕೆನ್ನೆಯ ಸುದ್ದಿ ನಿನ್ನ ಕೈಗೆ ಹೇಗೆ ತಿಳಿಯಬೇಕು?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಿದೆ, ತೆಗೆದುಕೊಂಡು ಬಾ. ಮೊದಲು ಬಿಚ್ಚಿ ನೋಡು. ಯಂತ್ರವನ್ನು ಅರಿಯದೆ ಕೈಯಲ್ಲಿ ಹಿಡಿಯಬಾರದು” ಎಂದರು.

ಡಬ್ಬಿಯಲ್ಲಿ ಅವರು ಮೊದಲ ಸಂಬಳದಲ್ಲಿ ಕೊಂಡಿದ್ದ ರೇಜರಿತ್ತು. ಕಂಪನಿಯ ಹೆಸರು ಸವೆದು ಮಾಯವಾಗಿತ್ತು. ಹಿಡಿಯನ್ನು ತಿರುಗಿಸಿದೊಡನೆ ಅದು ಮೂರು ತುಂಡಾಗಿ ಅಂಗೈಗೆ ಬಂತು: ಒಂದು ಹಿಡಿ, ಅಂಚಿನಲ್ಲಿ ಬಾಚಣಿಗೆಯಂತೆ ಹಲ್ಲುಗಳಿರುವ ಒಂದು ತಳಹಲಗೆ, ಆಮೆಯ ಬೆನ್ನಿನಂತೆ ಉಬ್ಬಿದ ಒಂದು ಮುಚ್ಚಳ. ಮುಚ್ಚಳದ ಒಳಮೈಯಲ್ಲಿ ನಡುವೆ ಒಂದು ತಿರುಪು, ಅದರ ಎರಡು ಪಕ್ಕದಲ್ಲಿ ಎರಡು ಗಿಡ್ಡ ಗೂಟಗಳು. ಇಷ್ಟೇ. ಗಡಿಯಾರದಲ್ಲಿರುವಂತೆ ಚಕ್ರವಿಲ್ಲ, ಬಂದೂಕಿನಲ್ಲಿರುವಂತೆ ಕುದುರೆಯಿಲ್ಲ. ಇಷ್ಟು ಸರಳವಾದ ವಸ್ತುವನ್ನು ಕಂಡುಹಿಡಿಯಲು ಮನುಷ್ಯನಿಗೆ 20ನೆಯ ಶತಮಾನದವರೆಗೆ ಏಕೆ ಬೇಕಾಯಿತು ಎಂದು ನನಗೆ ಆಶ್ಚರ್ಯವಾಯಿತು.

ಅದಕ್ಕೆ ಮೊದಲು ಇದ್ದದ್ದು ಮಡಿಸುವ ಕತ್ತಿ. ಅದರ ಬೆನ್ನು ದಪ್ಪ, ಬಾಯಿ ಕೂದಲಿಗಿಂತ ತೆಳು. ಆ ದಪ್ಪ ಬೆನ್ನೇ ಅಲಗನ್ನು ಬಾಗಗೊಡದೆ ನೇರವಾಗಿ ನಿಲ್ಲಿಸುತ್ತಿತ್ತು. ಬಳಸುವ ಮುನ್ನ ಪ್ರತಿಸಲವೂ ತೊಗಲ ಪಟ್ಟಿಯ ಮೇಲೆ ಎಳೆಯಬೇಕು. ಆಗಾಗ ಕಲ್ಲಿನ ಮೇಲೆ ಮಸೆಯಬೇಕು. ಚರ್ಮಕ್ಕೆ ಎಷ್ಟು ಓರೆಯಾಗಿ ಹಿಡಿಯಬೇಕೆಂಬುದನ್ನು ಬೆರಳುಗಳು ಬಲ್ಲವಾಗಿರಬೇಕು. ವಿದ್ಯೆಯೆಲ್ಲ ಕೈಯಲ್ಲಿತ್ತು, ಆದ್ದರಿಂದ ಆ ಕೈಯುಳ್ಳವರೇ ಕ್ಷೌರಕ್ಕೆ ಬೇಕಾಗಿತ್ತು. ನಮ್ಮ ಅಜ್ಜನವರು ಪಂಚಾಂಗ ನೋಡಿ, ತಿಥಿವಾರ ನೋಡಿ, ಕ್ಷೌರಿಕನಿಗೆ ಹೇಳಿಕಳುಹಿಸುತ್ತಿದ್ದರು. ಮೂರು ದಿನ ಬೆಳೆದ ಗಡ್ಡ ಆ ಕಾಲದಲ್ಲಿ ಯಾರ ಮರ್ಯಾದೆಗೂ ಕುಂದಾಗಿರಲಿಲ್ಲ.

ಕೈಯ ವಿದ್ಯೆಯನ್ನು ಉಪಕರಣಕ್ಕೆ ವರ್ಗಾಯಿಸುವ ಯತ್ನ ಹಳೆಯದು. 18ನೆಯ ಶತಮಾನದಲ್ಲೇ ಫ್ರಾನ್ಸಿನ ಪೆರೆ ಎಂಬ ಕತ್ತಿತಯಾರಕನು ಅಲಗಿಗೆ ಮರದ ಕಾಪು ಹೊಂದಿಸಿದ್ದನು. 1847ರಲ್ಲಿ ಇಂಗ್ಲೆಂಡಿನ ಹೆನ್ಸನ್ ಎಂಬಾತನು ಅಲಗನ್ನು ಗುದ್ದಲಿಯ ಹಾಗೆ ಹಿಡಿಗೆ ಅಡ್ಡಲಾಗಿ ಕೂರಿಸಿ, ಅದರ ಬಾಯಿಗೆ ಬಾಚಣಿಗೆಯಂಥ ರಕ್ಷೆಯನ್ನಿಟ್ಟನು. ಹಬೆಯ ಬಲದಿಂದ ಹಾರುವ ವಿಮಾನಕ್ಕೆ ನಕ್ಷೆ ಹಾಕಿದವನೂ ಈತನೇ. ವಿಮಾನ ಹಾರಲಿಲ್ಲ, ಗುದ್ದಲಿಯ ಆಕಾರ ಮಾತ್ರ ಇಂದಿಗೂ ನಮ್ಮ ಸ್ನಾನದ ಮನೆಗಳಲ್ಲಿದೆ. 1880ರಲ್ಲಿ ಅಮೆರಿಕದ ಕ್ಯಾಂಫೆ ಸಹೋದರರು ಇದೇ ಜಾತಿಯ ರೇಜರನ್ನು ಮಾರುಕಟ್ಟೆಗೆ ತಂದರು. ಕೆನ್ನೆ ಕೊಯ್ಯುವ ಭಯ ತಗ್ಗಿತು. ಆದರೆ ಅದರೊಳಗಿದ್ದುದು ಹಳೆಯ ಕತ್ತಿಯದೇ ಒಂದು ದಪ್ಪ ತುಂಡು. ಮಸೆಯುವ ಕಷ್ಟ ಹಾಗೆಯೇ ಉಳಿಯಿತು.

ಈ ಹಂತದಲ್ಲಿ ಬಂದವನು ಕಿಂಗ್ ಕ್ಯಾಂಪ್ ಜಿಲೆಟ್. ‘ಕಿಂಗ್’ ಎಂಬುದು ಬಿರುದಲ್ಲ, ತಂದೆತಾಯಿಗಳಿಟ್ಟ ಹೆಸರು. 1855ರಲ್ಲಿ ಹುಟ್ಟಿದ ಈತ ಊರೂರು ತಿರುಗಿ ಸರಕು ಮಾರುವ ಪ್ರತಿನಿಧಿ. ಸೋಡಾ ಸೀಸೆಗೆ ಹಾಕುವ, ಅಂಚು ನೆರಿಗೆಗಟ್ಟಿದ ತಗಡಿನ ಬಿರಡೆಯನ್ನು ಓದುಗರು ಬಲ್ಲರಷ್ಟೆ. ಅದನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಈತನ ಯಜಮಾನ. ಜನರು ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳಲು ಬರುವಂಥ ವಸ್ತುವನ್ನು ಯೋಚಿಸು ಎಂದು ಪೇಂಟರನು ಬುದ್ಧಿ ಹೇಳಿದನಂತೆ. 1895ರ ಒಂದು ಬೆಳಗ್ಗೆ ಮೊಂಡಾದ ಕತ್ತಿಯನ್ನು ಹಿಡಿದು ಕನ್ನಡಿಯ ಮುಂದೆ ನಿಂತಿದ್ದಾಗ ಜಿಲೆಟ್ಟನಿಗೆ ಉತ್ತರ ಹೊಳೆಯಿತು. ಕ್ಷೌರ ಮಾಡುವುದು ಕತ್ತಿಯ ಬಾಯಿ ಮಾತ್ರ. ಬೆನ್ನು ಆ ಬಾಯಿಯನ್ನು ಹೊತ್ತುಕೊಂಡಿರುವುದಷ್ಟೆ. ಬೆನ್ನನ್ನು ಹಿಡಿಯ ಕಡೆಗೆ ಸೇರಿಸಿ, ಬಾಯಿಯನ್ನು ಮಾತ್ರ ತೆಳು ತಗಡಿನಲ್ಲಿ ಮಾಡಿದರೆ ಹೇಗೆ? ಮೊಂಡಾದಾಗ ಮಸೆಯುವ ಗೋಜಿಲ್ಲ. ತೆಗೆದು ಹೊಸದನ್ನು ಹಾಕಿದರಾಯಿತು.

ಹೊಳೆದದ್ದು ಒಂದು ಕ್ಷಣದಲ್ಲಿ. ಕೈಗೂಡಲು ಹಿಡಿದದ್ದು ಆರು ವರ್ಷಕ್ಕೂ ಹೆಚ್ಚು. ಅಷ್ಟು ತೆಳುವಾದ ಉಕ್ಕಿಗೆ ಅಂಥ ಹದ ಕೊಡುವುದು ಅಸಾಧ್ಯವೆಂದು ಲೋಹಶಾಸ್ತ್ರ ಬಲ್ಲವರು ತಳ್ಳಿಹಾಕಿದರು. ತಾನು ಆ ಶಾಸ್ತ್ರ ಕಲಿತಿದ್ದರೆ ಕೆಲಸವನ್ನು ಆರಂಭಿಸುತ್ತಲೇ ಇರಲಿಲ್ಲವೆಂದು ಜಿಲೆಟ್ ಮುಂದೆ ಹೇಳಿಕೊಂಡಿದ್ದಾನೆ.

ಕಥೆಯನ್ನು ಇಲ್ಲಿಯವರೆಗೆ ನಾನು ಹೇಳುತ್ತಿದ್ದೆ. ಉಕ್ಕಿನ ಮಾತು ಬಂದೊಡನೆ ಅಪ್ಪಯ್ಯನವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

“ಅಸಾಧ್ಯವೆಂದವರದು ತಪ್ಪೇನಲ್ಲ” ಎಂದರು. “ಉಕ್ಕು ಗಟ್ಟಿಯಾಗಬೇಕಾದರೆ ಕೆಂಪಗೆ ಕಾಯಿಸಿ ಥಟ್ಟನೆ ತಣಿಸಬೇಕು. ದಪ್ಪ ಕತ್ತಿ ಅದನ್ನು ತಡೆದುಕೊಳ್ಳುತ್ತದೆ. ತೆಳು ತಗಡು ಕಾದ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಸುರುಟಿದ್ದಕ್ಕೆ ಸಾಣೆ ಹಿಡಿಯುವುದೆಂತು?”

ಈ ತೊಡಕನ್ನು ಬಿಡಿಸಿದವನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು. ತಗಡು ಸೊಟ್ಟಗಾಗದಂತೆ ಹದ ಕೊಡುವ ಕ್ರಮವನ್ನೂ, ಅದಕ್ಕೆ ಸಾಣೆ ಹಿಡಿಯುವ ಯಂತ್ರವನ್ನೂ ರೂಪಿಸಿದವನು ಆತ. 1901ರಲ್ಲಿ ಬಾಸ್ಟನ್ ನಗರದಲ್ಲಿ ಕಂಪನಿ ಸ್ಥಾಪಿತವಾಯಿತು. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳೇ ತೊಂಬತ್ತು ಸಾವಿರ ದಾಟಿದವು. 1904ರ ನವೆಂಬರ್ 15ರಂದು ಪೇಟೆಂಟೂ ದೊರೆಯಿತು.

ಆ ಪೇಟೆಂಟಿನ ಜೀವಾಳವೇನೆಂಬುದನ್ನು ಅಪ್ಪಯ್ಯನವರು ನನಗೆ ತೋರಿಸಿದ್ದು ಒಂದು ಹಳೆಯ ಪೋಸ್ಟ್ ಕಾರ್ಡಿನಿಂದ. ಓದುಗರೂ ಮಾಡಿ ನೋಡಬಹುದು. ಕಾರ್ಡಿನ ಒಂದು ತುದಿಯನ್ನು ಹಿಡಿದು ಚಪ್ಪಟೆಯಾಗಿ ಚಾಚಿರಿ. ಇನ್ನೊಂದು ತುದಿಯ ಮೇಲೆ ಒಂದು ನಾಣ್ಯವಿಟ್ಟರೆ ಬಳುಕುತ್ತದೆ. ಅದೇ ಕಾರ್ಡನ್ನು ಉದ್ದಕ್ಕೆ ದೋಣಿಯಂತೆ ತುಸು ಬಾಗಿಸಿ ಹಿಡಿಯಿರಿ. ನಾಣ್ಯವನ್ನು ಹೊತ್ತು ನಿಲ್ಲುತ್ತದೆ. ಕಾರ್ಡು ದಪ್ಪವಾಗಲಿಲ್ಲ, ಬಾಗಿದ್ದರಿಂದ ಬಲ ಬಂತು.

ಜಿಲೆಟ್ಟನ ಮೊದಲ ಬ್ಲೇಡಿನ ದಪ್ಪ ಅಂಗುಲದ ಸಾವಿರದಲ್ಲಿ ಆರು ಪಾಲು, ಎಂದರೆ ಸುಮಾರು 0.15 ಮಿಲಿಮೀಟರು. ಬಿಡಿಯಾಗಿದ್ದಾಗ ಎರಡು ಬೆರಳುಗಳ ನಡುವೆ ಬಳುಕುವ ತಗಡು. ನಡುವಿನ ಮೂರು ತೂತುಗಳಲ್ಲಿ ಎರಡು ಗೂಟಗಳಿಗೆ, ಒಂದು ತಿರುಪಿಗೆ. ಹಿಡಿಯನ್ನು ಬಿಗಿಮಾಡಿದಂತೆ ಉಬ್ಬಿದ ಮುಚ್ಚಳವೂ ತಳಹಲಗೆಯೂ ಅದನ್ನು ನಡುವೆ ಅದುಮಿ ಬಿಲ್ಲಿನಂತೆ ಬಾಗಿಸುತ್ತವೆ. ಬಾಗಿದೊಡನೆ ಅದರ ಎರಡು ಬಾಯಿಗಳೂ ದಪ್ಪ ಕತ್ತಿಯಷ್ಟೇ ದೃಢವಾಗುತ್ತವೆ. ಅಂಚಿನ ಕೂದಲೆಳೆಯಷ್ಟು ಭಾಗ ಮಾತ್ರ ಹೊರಗೆ ಇಣುಕುತ್ತದೆ. ಹಿಡಿಯನ್ನು ತುಸು ಸಡಿಲಿಸಿದರೆ ಹೆಚ್ಚು, ಬಿಗಿಸಿದರೆ ಕಡಿಮೆ. ಮುಚ್ಚಳವೂ ಹಲ್ಲಿನ ಸಾಲೂ ಎರಡು ಕಡೆ ಚರ್ಮವನ್ನು ಮುಟ್ಟಿರುವುದರಿಂದ ಅಲಗಿನ ಓರೆ ತಾನಾಗಿ ನಿಶ್ಚಯವಾಗುತ್ತದೆ. ಕ್ಷೌರಿಕನು ವರ್ಷಗಟ್ಟಲೆ ದುಡಿದು ಬೆರಳಿಗೆ ಕಲಿಸಿದ್ದ ಲೆಕ್ಕ ಇಲ್ಲಿ ಲೋಹದ ಎರಡು ತುಂಡುಗಳ ನಡುವೆ ಕುಳಿತಿದೆ.

“ಬ್ಲೇಡಿಗೆ ಬೆನ್ನಿಲ್ಲ ಎನ್ನುತ್ತಾರೆ” ಎಂದರು ಅಪ್ಪಯ್ಯ. “ಇದೆ. ಹಾಕಿಕೊಂಡಾಗ ಬರುತ್ತದೆ, ತೆಗೆದಾಗ ಹೋಗುತ್ತದೆ.”

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ತಿದ್ದಬೇಕು. ಜಿಲೆಟ್ಟನು ರೇಜರನ್ನು ಪುಕ್ಕಟೆ ಹಂಚಿ ಬ್ಲೇಡಿನಲ್ಲಿ ಲಾಭ ದೋಚಿದನೆಂದು ವ್ಯಾಪಾರ ಕಲಿಸುವವರು ದೃಷ್ಟಾಂತ ಕೊಡುವುದುಂಟು. ವಾಸ್ತವದಲ್ಲಿ ರೇಜರಿನ ಬೆಲೆ 5 ಡಾಲರು. ಆ ಕಾಲಕ್ಕೆ ದುಬಾರಿ. ಪೇಟೆಂಟಿನ ಅವಧಿ ಮುಗಿದ 1921ರವರೆಗೂ ಕಂಪನಿ ಅದೇ ದರಕ್ಕೆ ಅಂಟಿಕೊಂಡಿತ್ತು. ಹಳೆಯ ಮಾದರಿ ಅಗ್ಗವಾದದ್ದು ಆಮೇಲೆ. ಮನೆಮನೆಗೆ ಅಭ್ಯಾಸ ಮುಟ್ಟಿದ್ದಕ್ಕೆ ಯುದ್ಧವೂ ಒಂದು ಕಾರಣ: ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರಕಾರವು ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನೂ ಮೂರು ಕೋಟಿಗೂ ಮೀರಿದ ಬ್ಲೇಡುಗಳನ್ನೂ ಕೊಂಡಿತು. ಇನ್ನೊಂದು ತಮಾಷೆ. ಬ್ಲೇಡಿನ ಹೊದಿಕೆಯ ಮೇಲೆ ಅಚ್ಚಾಗಿ ಲೋಕವನ್ನೆಲ್ಲ ಸುತ್ತಿದ ಜಿಲೆಟ್ಟನ ಭಾವಚಿತ್ರದಲ್ಲಿ ಸೊಂಪಾದ ಮೀಸೆಯೊಂದಿತ್ತು! 

ಡಬ್ಬಿಯಲ್ಲಿದ್ದ ಬ್ಲೇಡುಗಳೆಲ್ಲ ತುಕ್ಕು ಹಿಡಿದಿದ್ದವು. ಮರುದಿನ ಭದ್ರಾವತಿಯಲ್ಲಿ ಕಾಯಿಲೆ ಬಿದ್ದಿದ್ದ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಲು ಹೋಗಬೇಕಾಗಿತ್ತು. ಹೊಸ ಬ್ಲೇಡನ್ನು ಅಲ್ಲಿಯೇ ಕೊಳ್ಳೋಣವೆಂದರು. ಶಿವಮೊಗ್ಗದಲ್ಲಿ ಬ್ಲೇಡಿಗೇನು ಬರವೇ? ನಾನು ಎದುರಾಡಲಿಲ್ಲ.

ಇಪ್ಪತ್ತು ಕಿಲೋಮೀಟರಿನ ಹಾದಿ. ದಾರಿಯುದ್ದಕ್ಕೂ ಅಪ್ಪಯ್ಯನವರು ಮಾತಾಡಿದರು. ಹಿಂದೆ ಬೆಂಕೀಪುರವೆನಿಸಿದ್ದ ಆ ಊರಿಗೆ ಕಾರ್ಖಾನೆಯ ಕೆಲಸ ಆರಂಭವಾದದ್ದು 1918ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸಿ ಕಬ್ಬಿಣ ಹರಿಸಿದ್ದು 1923ರಲ್ಲಿ. ಉಕ್ಕಿನ ವಿಭಾಗ ಬಂದದ್ದು 1936ರಲ್ಲಿ. “ನಡುವೆ ಹದಿಮೂರು ವರ್ಷ ಏಕೆ ಗೊತ್ತೇ?” ಎಂದು ಕೇಳಿ, ಹಣಕಾಸಿನ ತೊಡಕನ್ನೆಲ್ಲ ಬದಿಗಿಟ್ಟು, ತಮಗೆ ಪ್ರಿಯವಾದ ಶಾಸ್ತ್ರಕ್ಕೆ ಬಂದರು. ಕುಲುಮೆಯಿಂದ ಹರಿದ ಬೀಡಿನಲ್ಲಿ ನೂರಕ್ಕೆ ನಾಲ್ಕರಷ್ಟು ಇಂಗಾಲ, ಬಡಿದರೆ ಒಡೆಯುತ್ತದೆ. ಅದನ್ನು ಇಳಿಸಿ ಹದಕ್ಕೆ ತಂದರೆ ಉಕ್ಕು. ರೈಲು ಕಂಬಿಗೆ ಒಂದು ಹದ, ಬ್ಲೇಡಿಗೆ ಇನ್ನೊಂದು. ಹಳೆಯ ಬ್ಲೇಡಿನಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಇಂಗಾಲವಿರುತ್ತಿತ್ತು. ಹರಿತವಾದರೂ ತುಕ್ಕಿನ ಕಾಟ. 1962ರಲ್ಲಿ ಇಂಗ್ಲೆಂಡಿನ ವಿಲ್ಕಿನ್ಸನ್ ಕಂಪನಿ ಕ್ರೋಮಿಯಂ ಬೆರೆತ ತುಕ್ಕುಹಿಡಿಯದ ಉಕ್ಕಿನ ಬ್ಲೇಡಿಗೆ ಲೇಪ ಕೊಟ್ಟು ತಂದಾಗ ಜಿಲೆಟ್ ಕಂಪನಿಯೂ ಬೆದರಿ ಅದೇ ದಾರಿ ಹಿಡಿಯಬೇಕಾಯಿತು. “ನಾನು ಕೆಲಸಕ್ಕೆ ಸೇರಿದ ವರ್ಷವೇ” ಎಂದು, ಅದರಲ್ಲಿ ತಮ್ಮ ಪಾಲೂ ಇದ್ದಂತೆ ನಕ್ಕರು.

ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯ ಬೇಲಿಯ ಬಳಿ ಕಾರು ನಿಧಾನವಾದಾಗ ಅವರು ಸುಮ್ಮನಾದರು. 2023ರಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಊರೆಲ್ಲ ಕಳವಳಪಟ್ಟದ್ದನ್ನು ಓದುಗರು ಬಲ್ಲರು. ಹೊಗೆಯಿಲ್ಲದ ಚಿಮಣಿಯನ್ನು ನೋಡುತ್ತ ಅಪ್ಪಯ್ಯನವರು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರು. ನಡುಕ ನಿಲ್ಲಿಸಲು ಅವರು ಹಾಗೆ ಹಿಡಿಯುವುದುಂಟು.

ಬ್ಲೇಡು ಕೊಂಡ ಅಂಗಡಿಯ ಪಕ್ಕದಲ್ಲೇ ಒಂದು ಕ್ಷೌರದಂಗಡಿ. ಅಪ್ಪಯ್ಯನವರ ಗುರುತಿನ ಕ್ಷೌರಿಕ ತೀರಿಕೊಂಡು ಬಹಳ ವರ್ಷವಾಗಿತ್ತು. ಈಗ ಮಗನ ಕಾಲ, ಅವರಿಗೂ ಅರವತ್ತಾಗಿದೆ. “ಬನ್ನಿ ರಾಯರೇ, ಗಡ್ಡ ಬಿಟ್ಟಿದ್ದೀರಿ?” ಎಂದು ಕುರ್ಚಿ ಒರೆಸಿದರು. ಅಪ್ಪಯ್ಯನವರು ಗಿರಾಕಿಯಾಗಲಿಲ್ಲ, ನೋಡುತ್ತ ಕುಳಿತರು. ಆತ ಹೊಸ ಬ್ಲೇಡನ್ನು ಕಾಗದದ ಹೊದಿಕೆಯೊಡನೆಯೇ ಉದ್ದಕ್ಕೆ ಮಡಿಸಿ ಚಟ್ಟನೆ ಎರಡು ಮಾಡಿ, ಅರ್ಧವನ್ನು ಕತ್ತಿಯಾಕಾರದ ಹಿಡಿಗೆ ಸೇರಿಸಿದರು.

“ನಿಮ್ಮ ತಂದೆಯ ಕತ್ತಿ ಏನಾಯಿತಪ್ಪ?”

“ಪೆಟ್ಟಿಗೆಯಲ್ಲಿದೆ ರಾಯರೇ. ಆಯುಧಪೂಜೆಗೆ ಹೊರಗೆ ತೆಗೆದು ಕುಂಕುಮ ಇಡುತ್ತೇವೆ. ಈಗ ಒಬ್ಬರಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗಿಲ್ಲ. ಏಡ್ಸ್, ಕಾಮಾಲೆ ಎಂದು ಜನ ಹೆದರುತ್ತಾರೆ, ಹೆದರಬೇಕಾದದ್ದೇ.”

ಯಾವ ಬ್ಲೇಡು ಕ್ಷೌರಿಕನ ಅಗತ್ಯವನ್ನೇ ತಪ್ಪಿಸಲು ಹೊರಟಿತ್ತೋ ಅದು ಅರ್ಧವಾಗಿ ಅವನ ಕೈಗೇ ಬಂದು ಸೇರಿದೆ. ಓರೆಯ ಲೆಕ್ಕ ಮಾತ್ರ ಹಿಂದಿನಂತೆ ಬೆರಳಿನಲ್ಲೇ ಉಳಿದಿದೆ. ಆತನ ಕೈ ಗಿರಾಕಿಯ ಗಂಟಲ ಮೇಲೆ ಹಗುರವಾಗಿ ಇಳಿಯುವುದನ್ನು ಅಪ್ಪಯ್ಯನವರು ಕಣ್ಣು ತೆಗೆಯದೆ ನೋಡಿದರು. ಹೊರಬಂದಮೇಲೆ, “ನೋಡಿದೆಯಾ? ಎಡಗೈಯಿಂದ ಚರ್ಮ ಎಳೆದು ಹಿಡಿಯುತ್ತಾನೆ. ನಾಳೆ ನೀನೂ ಹಾಗೆಯೇ ಮಾಡಬೇಕು” ಎಂದರು. ನನಗೆ ಪಾಠ ಹೇಳಿಸಲೆಂದೇ ಅಲ್ಲಿ ಕುಳಿತಿದ್ದರೆಂದು ಆಗ ತಿಳಿಯಿತು.

ಮರುದಿನ ಆರು ಗಂಟೆಗೆ ದುರ್ಗಿಗುಡಿಯ ಮನೆಯ ಹಿತ್ತಿಲಲ್ಲಿ ಕುರ್ಚಿ ಹಾಕಿದೆವು. ತಂಗಿ ಬಿಸಿನೀರು ತಂದಿಟ್ಟು, ನೋಡಲಾರೆನೆಂದು ಒಳಗೆ ಹೋದಳು. ನಾನು ಬ್ರಷ್ಷಿನಿಂದ ನೊರೆ ಹಚ್ಚಿದೆ. ಬ್ಲೇಡನ್ನು ಗೂಟಗಳಿಗೆ ಕೂರಿಸಿ ಹಿಡಿಯನ್ನು ತಿರುಗಿಸುವಾಗ ತಗಡು ಬಾಗುವುದು ಬೆರಳಿಗೆ ಗೊತ್ತಾಯಿತು. ಐವತ್ತು ದಾಟಿದ ನಾನು ನನ್ನ ತಂದೆಯ ಮುಖವನ್ನು ಕೈಯಿಂದ ಮುಟ್ಟಿದ್ದು ಬುದ್ಧಿ ಬಂದಮೇಲೆ ಅದೇ ಮೊದಲು. ಕೆನ್ನೆ ಒಳಕ್ಕೆ ಸೇದಿತ್ತು. ಚರ್ಮ ಹಳೆಯ ಧೋತರದಂತೆ ಮೆತ್ತಗಿತ್ತು.

“ಒತ್ತಬೇಡ. ಅದರ ಭಾರ ಅದಕ್ಕೆ ಸಾಕು” ಎಂದರು. ಹಾಗೆಯೇ ಮಾಡಿದೆ. ಗಲ್ಲದ ತಿರುವಿನಲ್ಲಿ ಮಾತ್ರ ನನ್ನ ಕೈ ಅವಸರಪಟ್ಟಿತು. ಕೆಂಪು ಹನಿಯೊಂದು ನೊರೆಯಲ್ಲಿ ಮೂಡಿತು. ಅವರು ಮುಖ ಕದಲಿಸಲಿಲ್ಲ. “ಡಬ್ಬಿಯಲ್ಲಿ ಪಟಿಕದ ಹರಳಿದೆ” ಎಂದರು, ಅಷ್ಟೆ. ಹಳೆಯ ಕತ್ತಿಯಾಗಿದ್ದರೆ ಆ ಅವಸರಕ್ಕೆ ಏನಾಗುತ್ತಿತ್ತೋ! ಬಾಚಣಿಗೆಯ ಹಲ್ಲುಗಳು ನನ್ನ ಅಜ್ಞಾನಕ್ಕೂ ಅವರ ಗಲ್ಲಕ್ಕೂ ನಡುವೆ ನಿಂತು ಕಾಪಾಡಿದವು.

ಮುಗಿದಮೇಲೆ ಬಳಸಿದ ಬ್ಲೇಡನ್ನು ಎಸೆಯಹೊರಟವನನ್ನು ತಡೆದು ಅವರು ಇನ್ನೊಂದು ಡಬ್ಬಿಯನ್ನು ತೋರಿಸಿದರು. ಪೌಡರಿನ ಹಳೆಯ ಡಬ್ಬಿ, ತಲೆಯ ಮೇಲೆ ಸಣ್ಣ ಸೀಳು. ಹಿಂದೆಲ್ಲ ನಮ್ಮ ಮನೆಯಲ್ಲಿ ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಗೋಡೆಗೆ ಉಜ್ಜಿ ಇನ್ನೆರಡು ದಿನ ನೂಕುತ್ತಿದ್ದರು. ಆಮೇಲೆ ಅದು ಅಮ್ಮನ ಕೈಗೆ ಹೊಲಿಗೆ ಬಿಚ್ಚಲು, ನಮ್ಮ ಕೈಗೆ ಪೆನ್ಸಿಲು ಚೂಪು ಮಾಡಲು ಬರುತ್ತಿತ್ತು. ಅಷ್ಟೆಲ್ಲ ಮುಗಿದಮೇಲೆ ಸೀಳಿನ ಡಬ್ಬಿ. ತುಂಬಿದಾಗ ಬಾಯಿ ಬಡಿದು ಮುಚ್ಚಿ, ಮೇಲೆ ‘ಬ್ಲೇಡು’ ಎಂದು ಬರೆದು ಕೊಡುತ್ತಿದ್ದರು. ಎಸೆಯುವ ವಸ್ತುವನ್ನು ಯೋಚಿಸು ಎಂದ ಪೇಂಟರನು ಎಸೆದದ್ದನ್ನು ಬಾಚುವ ಕೈಯನ್ನು ನೆನೆದನೋ ಇಲ್ಲವೋ, ಓದುಗರ ಮನೆಗಳಲ್ಲಿ ಅಂಥ ಡಬ್ಬಿಯೊಂದು ಇರುವುದು ಒಳ್ಳೆಯದು. ಪೌರಕಾರ್ಮಿಕರ ಬೆರಳಿಗೆ ಬಾಚಣಿಗೆಯ ಹಲ್ಲಿನ ರಕ್ಷೆಯಿಲ್ಲ.

ಕನ್ನಡಿಯನ್ನು ತಂದು ಅವರ ಮುಂದೆ ಹಿಡಿದೆ. ಅಪ್ಪಯ್ಯನವರು ಬಹಳ ಹೊತ್ತು ನೋಡಿಕೊಂಡರು. ನಡುಗುವ ಕೈಯಿಂದ ಒಂದು ಕೆನ್ನೆ, ಮತ್ತೊಂದು ಕೆನ್ನೆ, ಕಿವಿಯ ಕೆಳಗೆ ಎಂದು ಸವರಿ ನೋಡಿದರು.

“ಇಲ್ಲಿ ಸ್ವಲ್ಪ ಉಳಿದಿದೆ” ಎಂದರು.

“ಈಗಲೇ ತೆಗೆಯಲೇ?”

“ಬೇಡ. ನಾಳೆಗಿರಲಿ. ಆರಕ್ಕೆ ಏಳು.”